ಟೀ ಕುಡಿಯದ ಡ್ರೈವರ್

ಬುಧವಾರ, ಬೆಳಿಗ್ಗೆ ಹನ್ನೊಂದು ದಾಟಿದೆ
ದೊಡ್ಡಾಸ್ಪತ್ರೆ, ಮೂರನೇ ಮಹಡಿ

ಪ್ರೀತಿಯ ಅಪ್ಪನಿಗೆ,

ಅಪ್ಪನಿಗೆ ಬರೆಯುವಾಗ ‘ತೀರ್ಥರೂಪು’ ಎಂದು ಶುರುಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಶಾಲೆಯನ್ನೇ ಬಿಟ್ಟವಳು, ಅದನ್ನೂ ಬಿಟ್ಟಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು “ಊಟ ಆಯ್ತಾ?” ಎಂದು ಕೇಳಿ ಫೋನನ್ನು ಅಮ್ಮನ ಕೈಗೆ ದಾಟಿಸುತ್ತೀಯ. ನಾನು ಮನೆ ಬಿಟ್ಟ ಎಂಟು ತಿಂಗಳಿಂದ ನಾವಿಬ್ಬರು ಆಡಿರುವುದು ಅದೊಂದೇ ಮಾತು. ಅದಕ್ಕೇ ಈ ಕಾಗದ. ಕಂಡಕ್ಟರ್ ಮಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಮನೆಯಲ್ಲಿ ಓದಬೇಡ. ಡಿಪೋದಲ್ಲಿ, ಖಾಲಿ ಬಸ್ಸಿನಲ್ಲಿ, ನಿನ್ನ ಸೀಟಿನಲ್ಲಿ ಕೂತು ಓದು.

ನನಗೆ ಕರುಳಿನ ಕಾಯಿಲೆ ಇದೆ. ಗಾಬರಿಯಾಗಬೇಡ, ನಾಳೆ ಸಾಯುವಂಥದ್ದಲ್ಲ. ಬೀದಿಯ ಡಾಕ್ಟರು ಎರಡು ವರ್ಷ ಗ್ಯಾಸ್ ಎಂದರು, ಔಷಧಿ ಅಂಗಡಿಯವನು ಉಷ್ಣ ಎಂದ. ರಕ್ತ ಹೋಗುತ್ತಿತ್ತು. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೋದ ತಿಂಗಳು ಪಾರ್ಸೆಲ್ ಕೊಡಲು ಹೋದ ಮನೆಯೊಂದರಲ್ಲಿ ತಡೆಯಲಾರದೆ ಬಾತ್‌ರೂಮು ಕೇಳಿದೆ. ಆ ಮನೆಯಾಕೆ ನರ್ಸು. ಹೊರಗೆ ಬಂದ ನನ್ನ ಮುಖ ನೋಡಿ, “ಎಷ್ಟು ದಿನದಿಂದ ಹೀಗೆ?” ಎಂದರು. “ದಿನ ಅಲ್ಲ ಅಕ್ಕ, ವರ್ಷ,” ಎಂದೆ. ಇದಕ್ಕೇ ಬೇರೆ ಡಾಕ್ಟರು ಇದ್ದಾರೆ ಎಂದು ಪಾರ್ಸೆಲ್ ಚೀಟಿಯ ಹಿಂದೆ ಈ ಆಸ್ಪತ್ರೆಯ ಹೆಸರು ಬರೆದುಕೊಟ್ಟರು. ಕರುಳಿಗೇ ಅಂತ ಒಬ್ಬ ಡಾಕ್ಟರು! ನನಗೆ ನಗು ಬಂತು.

ಇಲ್ಲಿ ಕಾಯುವವರ ಕೋಣೆ ನೋಡಿದರೆ ನಿನಗೂ ನಗು ಬರುತ್ತದೆ. ಕಿಟಕಿ ಪಕ್ಕದ ಕುರ್ಚಿಗಳೆಲ್ಲ ಖಾಲಿ, ಟಾಯ್ಲೆಟ್ ಬಾಗಿಲ ಪಕ್ಕದವಕ್ಕೆ ಪೈಪೋಟಿ. ಮೊದಲ ಸಲ ಬಂದಾಗ ಪಕ್ಕದಲ್ಲಿ ಕೂತಿದ್ದ ರಿಟೈರ್ಡ್ ಟೀಚರ್ ಒಬ್ಬರು ಗಂಟೆ ಎಷ್ಟಾಯಿತು ಎನ್ನುವ ಹಾಗೆ, “ದಿನಕ್ಕೆ ಎಷ್ಟು ಸಲ?” ಎಂದರು. ಜನ್ಮದಲ್ಲಿ ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. “ಹದಿನಾಲ್ಕು,” ಎಂದೆ. “ನಂದು ಹತ್ತೇ ಕಣಮ್ಮ, ನೀನೇ ಫಸ್ಟು,” ಎಂದರು. ಟೀಚರ ಬಾಯಲ್ಲಿ ನಾನು ಫಸ್ಟ್ ಬಂದದ್ದು ಅದೇ ಮೊದಲು. ನಕ್ಕೆ, ಆಮೇಲೆ ಅತ್ತೂಬಿಟ್ಟೆ.

ಒಳಗೆ ಕ್ಯಾಮೆರಾ ಕಳಿಸಿ ನೋಡಿದರು. ದೊಡ್ಡಕರುಳಿನ ಒಳಗೋಡೆಯ ತುಂಬ ಹುಣ್ಣು. ಪೂರ್ತಿ ಹೋಗುವ ಕಾಯಿಲೆಯಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳುವ ಕಾಯಿಲೆಯಂತೆ. ಔಷಧಿ ಶುರುವಾಗಿ ಮೂರು ವಾರ. ಹದಿನಾಲ್ಕು ಐದಕ್ಕೆ ಇಳಿದಿದೆ. ಇವತ್ತು ಡಾಕ್ಟರಮ್ಮ ಫಾರಂ ತುಂಬಿಸುತ್ತಾ, “ಮನೆಯಲ್ಲಿ ಬೇರೆ ಯಾರಿಗಾದ್ರೂ ಇದೆಯಾ?” ಎಂದರು. ಇಲ್ಲ ಎನ್ನಲು ಬಾಯಿ ತೆರೆದೆ. ಎಲ್ಲಿಂದಲೋ ಡೀಸೆಲ್ ವಾಸನೆ ಬಂದ ಹಾಗಾಯಿತು.

ನೆನಪಿದೆಯಾ ಅಪ್ಪ? ಬೇಸಿಗೆ ರಜೆಯಲ್ಲಿ ನೀನು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಇಂಜಿನ್ ಪೆಟ್ಟಿಗೆಯ ಮೇಲೆ ಮಡಚಿದ ಗೋಣಿಚೀಲ, ಅದರ ಮೇಲೆ ನಾನು. ಕೂತಲ್ಲಿ ಕೂರದೆ ನಿನ್ನಿಂದ ‘ಚಕ್ರ’ ಎನ್ನಿಸಿಕೊಂಡಿದ್ದ ನನಗೆ ಪ್ರಪಂಚದಲ್ಲಿ ಹಿತವಾಗಿದ್ದ ಜಾಗ ಅದೊಂದೇ. ನಾನು ಕೂತಿದ್ದರೂ ಅದು ಓಡುತ್ತಿತ್ತಲ್ಲ. ರೈಲ್ವೆ ಗೇಟು, ಪೆಟ್ರೋಲ್ ಬಂಕು, ಮರ ಕೊಯ್ಯುವ ಮಿಲ್ಲು, ಈ ಮೂರು ಕಡೆ ನೀನು ಬಸ್ ನಿಲ್ಲಿಸಿ ಇಳಿಯುತ್ತಿದ್ದೆ. “ಸಾಹೇಬ್ರು ಟೀ ಕುಡ್ಕೊಂಡ್ ಬರ್ತಾರೆ, ಐದೇ ನಿಮಿಷ,” ಎಂದು ಮಾಮ ಕೂಗುತ್ತಿದ್ದ. “ಈಗ ತಾನೇ ಕುಡಿದ್ರಲ್ಲಪ್ಪ, ಹೊಟ್ಟೆನೋ ಡೀಸೆಲ್ ಟ್ಯಾಂಕೋ?” ಎಂದು ಹಿಂದಿನಿಂದ ಯಾರಾದರೂ ಕಿಚಾಯಿಸುತ್ತಿದ್ದರು. ದಾರಿಯುದ್ದಕ್ಕೂ ನಿನಗೆ ಟೀ ಡ್ರೈವರ್ ಅಂತಲೇ ಹೆಸರು. ಇಳಿಯುವ ಮುಂಚೆ ನನ್ನನ್ನು ಎತ್ತಿ ನಿನ್ನ ಸೀಟಿನಲ್ಲಿ ಕೂರಿಸಿ, “ನಾನು ಬರೋವರೆಗೂ ಬಸ್ಸು ನಿನ್ನ ಜವಾಬ್ದಾರಿ, ಚಕ್ರ,” ಎನ್ನುತ್ತಿದ್ದೆ. ಕಾಲು ಎಟುಕದಿದ್ದರೂ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಐವತ್ತು ಜನರನ್ನು ಕಾಯುತ್ತಿದ್ದೆ. ಅಷ್ಟು ದೊಡ್ಡವಳಾಗಿ ನಾನು ಆಮೇಲೆಂದೂ ಇರಲಿಲ್ಲ.

ಅಪ್ಪ, ನೀನು ಮನೆಯಲ್ಲಿ ಟೀ ಕುಡಿದದ್ದನ್ನು ನಾನು ನೋಡಿಯೇ ಇಲ್ಲ. ಹಾಲು ಆಗಲ್ಲ ಎಂದು ನೀನು ಲೋಟ ಪಕ್ಕಕ್ಕೆ ತಳ್ಳುತ್ತಿದ್ದೆ. ಹತ್ತು ವರ್ಷ ಬೇಕಾಯಿತು ನನಗೆ, ಆ ಎರಡನ್ನೂ ಕೂಡಿಸಲು. ಗಣಿತದಲ್ಲಿ ನಾನು ಮೊದಲೇ ಹಿಂದೆ.

ಬಾಗಿಲ ಜಗಳವೂ ಈಗ ಬೇರೆ ಥರ ಕಾಣುತ್ತಿದೆ. ಮನೆಗೆಲ್ಲ ಒಂದೇ ಟಾಯ್ಲೆಟ್ಟು, ಬೆಳಗಾದರೆ ನಮ್ಮಿಬ್ಬರ ಯುದ್ಧ. ಕೊನೆಯ ದಿನ ನೀನು ಬಾಗಿಲು ಮುರಿದುಹೋಗುವ ಹಾಗೆ ಬಡಿದು, “ಮೊಬೈಲ್ ಹಿಡ್ಕೊಂಡು ಅಲ್ಲೇ ಸಂಸಾರ ಹೂಡಿಬಿಡು!” ಎಂದು ಕಿರುಚಿದೆ. ನಾನು ಹೊರಬಂದು ಆಡಬಾರದ್ದನ್ನು ಆಡಿ, ಮರುದಿನವೇ ಬ್ಯಾಗು ಹಿಡಿದು ಹೊರಟೆ. ನನ್ನ ಕೈಯಲ್ಲಿ ಮೊಬೈಲ್ ಇರಲಿಲ್ಲ ಅಪ್ಪ. ನಿನಗೂ ಅವತ್ತು ಕೋಪ ಇರಲಿಲ್ಲ ಅಲ್ಲವಾ? ತಡೆಯಲು ಆಗುತ್ತಿರಲಿಲ್ಲ, ಅಷ್ಟೇ.

ಇನ್ನೊಂದು. ಓದು ತಲೆಗೆ ಹತ್ತಲ್ಲ ಎಂದು ಶಾಲೆ ಬಿಟ್ಟೆನಲ್ಲ, ಅದು ಸುಳ್ಳು. ನನಗೆ ನೆನಪಿರುವಂತೆ ನಿನಗೆ ಹೇಳಿದ ಒಂದೇ ಸುಳ್ಳು. ಹತ್ತನೇ ಕ್ಲಾಸಿನಲ್ಲಿ ಒಂದೇ ಪೀರಿಯಡ್ಡಿನಲ್ಲಿ ಮೂರನೇ ಸಲ ಕೈ ಎತ್ತಿದಾಗ ಮೇಷ್ಟ್ರು, “ನಾಟಕ ಸಾಕು, ಕೂತ್ಕೋ,” ಎಂದರು. ಕೂತೆ. ಆಮೇಲೆ ಏಳುವ ಹಾಗಿರಲಿಲ್ಲ. ಎಲ್ಲರೂ ಹೋದ ಮೇಲೆ ಎದ್ದು, ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ನೀನು, “ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದವಳು, ಇವಳೆಲ್ಲಿ ಕೂತು ಓದ್ತಾಳೆ,” ಎಂದೆ. ಹಾಗೆ ಅನ್ನಿಸಿಕೊಳ್ಳುವುದೇ ವಾಸಿ ಎನ್ನಿಸಿತು.

ಹೋದ ವಾರ ಅಮ್ಮ ಹೇಳಿದಳು, ನೀನು ಬೆಲ್ಟಿಗೆ ಮೊಳೆ ಹೊಡೆದು ಹೊಸದಾಗಿ ಎರಡು ತೂತು ಮಾಡಿಕೊಂಡಿದ್ದೀಯಂತೆ. ನಿನ್ನ ಭಯ ನನಗೆ ಗೊತ್ತು. ಡಾಕ್ಟರ ಚೀಟಿ ಕಂಡರೆ ನಿನ್ನನ್ನು ಸ್ಟಿಯರಿಂಗಿನಿಂದ ಇಳಿಸಿ ಡಿಪೋದಲ್ಲಿ ಕೂರಿಸುತ್ತಾರೆ. ಡಾಕ್ಟರಮ್ಮನನ್ನು ಕೇಳಿದೆ. “ಹತೋಟಿಗೆ ಬಂದ್ರೆ ಯಾಕೆ ಓಡಿಸಬಾರದು? ಹೀಗೆ ಓಡಿಸ್ತಿರೋದೇ ಹೆಚ್ಚು,” ಎಂದರು. ಖಂಡಿತ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನಿನ್ನದೂ ಇದೇ ಕಾಯಿಲೆಯಾ ಎಂಬುದೂ ನೋಡದೆ ಗೊತ್ತಾಗದು. ಇದೇ ಆಗಿದ್ದರೆ, ಇಷ್ಟು ವರ್ಷ ನೋಡದೆ ಬಿಟ್ಟ ಕರುಳಿನಲ್ಲಿ ಇದಕ್ಕಿಂತ ಕೆಟ್ಟದ್ದು ಬೆಳೆಯಬಹುದು ಎಂದರು. ಅದನ್ನು ಮುಚ್ಚಿಟ್ಟು ಈ ಕಾಗದ ಮುಗಿಸಲು ನನ್ನಿಂದಾಗದು.

ಬಾ ಅಪ್ಪ.

ನಿನ್ನ
ಚಕ್ರ

ಮರೆತಿದ್ದೆ: ಫಾರಮ್ಮಿನಲ್ಲಿ ‘ತಂದೆಗೆ ಇರಬಹುದು’ ಎಂದು ಬರೆಸಿದ್ದೇನೆ, ನಿನ್ನನ್ನು ಕೇಳದೆ. ಮುಂದಿನ ಬುಧವಾರಕ್ಕೆ ಎರಡು ಟೋಕನ್ ಹಾಕಿಸಿದ್ದೇನೆ. ನನ್ನದು ಹದಿನೇಳು, ನಿನ್ನದು ಹದಿನೆಂಟು. ಈ ಹಾಳೆಯ ಹಿಂದೆ ಬಸ್ ಸ್ಟ್ಯಾಂಡಿನಿಂದ ಆಸ್ಪತ್ರೆಗೆ ದಾರಿ ಬರೆದಿದ್ದೇನೆ, ಮೂರು ಕಡೆ ಗುರುತು ಹಾಕಿದ್ದೇನೆ. ಮೂರೂ ಕಡೆ ಒಳ್ಳೆ ಟೀ ಸಿಗುತ್ತದೆ.