ಚಾದರ ಮಾರುವವನ ಪರವಾಗಿ

ಆಸ್ಮಾ,

ಈ ಪತ್ರ ಕಳಿಸುವ ಧೈರ್ಯ ನನಗಿಲ್ಲ. ಆದರೂ ಬರೆಯದೆ ಕೂರಲಾಗುತ್ತಿಲ್ಲ. ಬೆಳಗಿನಿಂದ ಮೂರು ಸಲ ಅಂಗಳ ಗುಡಿಸಿದ್ದೇನೆ.

ವನದುರ್ಗದಾಚೆಯ ನಮ್ಮ ಹಳ್ಳಿಯಲ್ಲಿ ಮತ್ತೆ ಕಳ್ಳರ ಭಯ. ನಿನ್ನೆ ಬೆಳಿಗ್ಗೆ ದ್ಯಾವಪ್ಪನ ಹೊಲದ ಪಂಪ್‌ಸೆಟ್ಟಿನ ಕೇಬಲ್ಲು ಕತ್ತರಿಸಿ ಒಯ್ದರು. ಮಧ್ಯಾಹ್ನದ ಹೊತ್ತಿಗೆ ಜನ ಚಾದರ ಮಾರಲು ಬಂದವನೊಬ್ಬನನ್ನು ಹಿಡಿದು ಬೇವಿನ ಮರಕ್ಕೆ ಕಟ್ಟಿದರು. ದ್ಯಾವಪ್ಪನ ಮಗ ಭೀಮೇಶ ಬಡಿಗೆ ಎತ್ತಿದ. "ಖರೆ ಹೇಳಲೇ, ಕೇಬಲ್ ಕೊಯ್ದವ ನೀನ ಹೌದಲ್ಲೋ?"

ನಾನು ಓಡಿಹೋಗಿ ನಡುವೆ ನಿಂತೆ. "ಬಿಡ್ರಿ ಅವನ್ನ! ಮುಂಜಾನಿಂದ ನಮ್ಮ ಕಟ್ಟಿ ಮ್ಯಾಲೆ ಕುಂತು ಚಾದರ ಮಾರಾಕತ್ತಾನ. ನಾ ನೋಡೇನಿ."

ಭೀಮೇಶ ಬಡಿಗೆ ಇಳಿಸಿದ, ಹಗ್ಗ ಬಿಚ್ಚಿದರು. ಆ ಮನುಷ್ಯ ಬಿದ್ದ ಚಾದರಗಳನ್ನೂ ಎತ್ತಿಕೊಳ್ಳದೆ ಹೋಗಿಬಿಟ್ಟ.

ಆಗ ಎದುರುಮನೆಯ ಮುದುಕಿ ಸುಗಲಮ್ಮ ಹತ್ತಿರ ಬಂದಳು. "ಛಲೋ ಮಾಡಿದಿ, ಮೌನೇಶ್ವರಿ. ಆದ್ರ ನಾಕ ವರ್ಷದ ಹಿಂದ ಮೋಟರ್ ಕದ್ದಾನಂತ ಆಸ್ಮಾನ ಅಣ್ಣ ಮುಜಫರನ್ನ ಹೊಡದ್ರಲ್ಲ? ಮೋಟರ್ ಕಳುವಾದ ಹೊತ್ತಿನ್ಯಾಗ ಅಂವ ನಿಮ್ಮ ಮನ್ಯಾಗ ಫ್ಯಾನ್ ರಿಪೇರಿ ಮಾಡಾಕತ್ತಿದ್ದ. ನಾನೂ ಬಾಯಿ ಬಿಡಲಿಲ್ಲ. ನೀ ಯಾಕ ಬಿಡಲಿಲ್ಲವ್ವ?"

ನಾನು ಒಳಗೆ ಬಂದೆ.

ಅವತ್ತು ಮನೆಯಲ್ಲಿ ನಾನೊಬ್ಬಳೇ ಇದ್ದೆ, ಆಸ್ಮಾ. ಮರುವಾರವೇ ನನ್ನ ನಿಶ್ಚಿತಾರ್ಥವಿತ್ತು; ಮುಜಫರಣ್ಣ ನನ್ನೊಬ್ಬಳ ಜೊತೆ ಮನೆಯಲ್ಲಿದ್ದ ಎಂದರೆ ಜನ ಏನನ್ನುವರೋ ಎಂದು ಹೆದರಿದೆ.

ನೀವು ಮೂರೇ ದಿನದಲ್ಲಿ ಮನೆ ಖಾಲಿ ಮಾಡಿ ಶಹಾಪುರಕ್ಕೆ ಹೋದಿರಿ. ಮುಜಫರಣ್ಣನ ಬಲಗೈ ಈಗ ಮೇಲಕ್ಕೆ ಏಳುತ್ತದೆಯೇ? ಬಸ್ಸಿನಲ್ಲಿ ಬಂದರೆ ಒಂದು ಗಂಟೆಯ ದಾರಿ. ನಾಲ್ಕು ವರ್ಷವಾಯಿತು, ಬಂದು ಕೇಳಿಲ್ಲ.