ಮೊದಲ ಕಿವಿ

ಮಾರ್ಚ್ 4, ಸೋಮವಾರ

ಬೆಳಗಿನ ಪಾಳಿ. ಎಂದಿನಂತೆ ಹಾಜರಿ. ನನ್ನ ಸರದಿ ಬಂದಾಗ ಎಂದಿನಂತೆ ನಮ್ಮ ಸೂಪರ್‌ವೈಸರ್ ಬಿಲ್ಲೆ ತಲೆ ಎತ್ತಿದ. "ಏನಮ್ಮಾ, ಉಸಿರಾಡ್ತಿದ್ದೀಯಾ ಇವತ್ತು?" ಎಲ್ಲರೂ ನಕ್ಕರು. ನಾನೂ ಹಲ್ಲು ಬಿಟ್ಟೆ. ಹಲ್ಲು ಬಿಡುವುದಕ್ಕೇ ಅಲ್ಲವೇ ಸಂಬಳ.

ಬರೆದಿಡುತ್ತೇನೆ. ಇಲ್ಲದಿದ್ದರೆ ಸಿಟ್ಟು ಹಳಸಿ ಹೋಗುತ್ತದೆ. ಹಳಸಬಾರದು.

ಡಿಸೆಂಬರ್. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಕಳೆದುಕೊಂಡವರ ಕೌಂಟರ್ ನಮ್ಮದು. ಒಬ್ಬನ ಸೂಟ್‌ಕೇಸ್ ಬೇರೆ ವಿಮಾನ ಹತ್ತಿ ಹೋಗಿತ್ತು. ಒಳಗೆ ಮಗುವಿನ ಔಷಧಿ. ಕೂಗಿದ, ಗಾಜಿಗೆ ಗುದ್ದಿದ, ನನ್ನ ವಂಶವನ್ನೆಲ್ಲ ಬೈದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಹೆತ್ತ ಕರುಳು. ಆದರೆ ನನಗೆ ಎದೆ ಬಿಗಿಯಿತು. ಉಸಿರು ಒಳಗೆ ಹೋಗಲೊಲ್ಲದು. ಕೌಂಟರಿನ ಕೆಳಗೆ ಕುಸಿದೆ. ಸತ್ತೇ ಹೋದೆ ಅಂದುಕೊಂಡೆ. ನಮ್ಮ ಸೂಪರ್‌ವೈಸರ್ ಬಂದು ಬಗ್ಗಿ ನೋಡಿ ಹೇಳಿದ್ದು ಇಷ್ಟು: "ಕ್ಯಾಮೆರಾ ಇದೆ. ಎದ್ದು ನಗು."

ಅದೇ ವಾರ ಯಾರದೋ ಬೀಳ್ಕೊಡುಗೆ. ಬಿಲ್ಲೆ ಕೈಯಲ್ಲಿ ಕೇಕ್ ಹಿಡಿದುಕೊಂಡೇ ನನ್ನ ಪಾತ್ರ ಮಾಡಿ ತೋರಿಸಿದ. ಎದೆ ಹಿಡಿದು, ಮೀನಿನ ಹಾಗೆ ಬಾಯಿ ಬಿಟ್ಟು, ಮೇಜಿನ ಕೆಳಗೆ ಜಾರಿ... ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಪಕ್ಕದ ಕುರ್ಚಿಯ ಗೆಳತಿ ಚಿಟ್ಟೆಯೂ.

ಅವನ ಕೋಟಿನ ಮೇಲೆ ಮೂರು ಬ್ಯಾಡ್ಜು. ಬಿಲ್ಲೆ ಅಂತ ಹೆಸರಿಟ್ಟವಳು ನಾನೇ.

ಮಾರ್ಚ್ 6, ಬುಧವಾರ

ಮುಖ್ಯ ಕಚೇರಿಯಿಂದ ಮೇಲ್. ಪ್ರತಿ ತಂಡವೂ ಮಾನಸಿಕ ಆರೋಗ್ಯದ ತರಬೇತಿ ತೆಗೆದುಕೊಳ್ಳಲೇಬೇಕು. ಯಾವುದು ಬೇಕೋ ಆರಿಸಿಕೊಳ್ಳಿ.

ಬಿಲ್ಲೆ ಗಟ್ಟಿಯಾಗಿ ಓದಿ ಹೇಳಿದ. "ಮನಸ್ಸಿನ ಆರೋಗ್ಯವಂತೆ! ನಮ್ಮ ಕಾಲದಲ್ಲಿ ಮನಸ್ಸೇ ಇರಲಿಲ್ಲಪ್ಪ, ಬರೀ ಕೆಲಸ." ಮತ್ತೆ ನನ್ನ ಕಡೆ ತಿರುಗಿ — "ನೀನೇ ಆರಿಸಮ್ಮಾ. ನಿನಗೆ ಅನುಭವ ಇದೆಯಲ್ಲ."

ನಗು. ಆಗಲಿ. ಕುರಿಯ ಕೈಗೆ ಕತ್ತಿ ಕೊಟ್ಟು ಹೋದ ಪುಣ್ಯಾತ್ಮ.

ಮಾರ್ಚ್ 13, ಬುಧವಾರ. ಸಂಜೆ

ಮೂವರು ಬಂದಿದ್ದರು, ತಮ್ಮ ತಮ್ಮ ತರಬೇತಿಯ ರುಚಿ ತೋರಿಸಲು.

ಮೊದಲನೆಯದು ವೀಡಿಯೊ. ನೋಡುವುದು, ಗುಂಡಿ ಒತ್ತುವುದು, ಸರ್ಟಿಫಿಕೇಟ್. ಬಿಲ್ಲೆಗೆ ಬಹಳ ಹಿಡಿಸಿತು. "ಇದೇ ಸಾಕು. ಕೆಲಸ ಮಾಡ್ತಾ ಮಾಡ್ತಾನೇ ಮುಗಿಸಬಹುದು."

ಎರಡನೆಯವನು ಚಾಪೆ ತಂದಿದ್ದ. ಎಲ್ಲರೂ ಕೈ ಮೇಲೆತ್ತಿ ಹ್ಹ ಹ್ಹ ಹ್ಹ. ಬ್ಯಾಗ್ ಹೊರುವ ಟ್ರಾಲಿ ಮಾಮ ಕೈ ಕೆಳಗಿಳಿಸಿಬಿಟ್ಟರು. "ನಗೋದು ಕಲಿಸೋಕೆ ಬಂದ್ಯಾ ತಂದೆ? ದಿನಾ ಅದನ್ನೇ ಮಾಡ್ತೀವಿ. ಅದೇ ನಮ್ಮ ರೋಗ." ಪಾಪ, ಚಾಪೆ ಸುತ್ತಿಕೊಂಡು ಹೋದ.

ಮೂರನೆಯವರು ಕನ್ನಡಕದ ಮೇಡಂ. ಚಿತ್ರವಿಲ್ಲ, ಚಾಪೆಯಿಲ್ಲ, ಮುಖದಲ್ಲಿ ನಗುವೂ ಇಲ್ಲ. "ನಿಮಗೆ ಗಟ್ಟಿಯಾಗೋದು ಕಲಿಸಲ್ಲ. ಗಟ್ಟಿಯಾಗೇ ಇದ್ದೀರಿ. ನಿಮ್ಮಲ್ಲಿ ಒಬ್ಬರಿಗೆ ಕೇಳೋದು ಕಲಿಸ್ತೀನಿ," ಅಂದರು. ಆ ಒಬ್ಬರು ತಂಡದ 'ಮೊದಲ ಕಿವಿ'. ಯಾರು ಕಷ್ಟ ಹೇಳಿಕೊಳ್ಳಲು ಬಂದರೂ ಅರ್ಧ ಗಂಟೆ ಕೂತು ಕೇಳಬೇಕು. ಫೋನ್ ನೋಡಬಾರದು. ನಡುವೆ ಬಾಯಿ ಹಾಕಬಾರದು. ಬುದ್ಧಿ ಹೇಳಬಾರದು, ತಮಾಷೆ ಮಾಡಬಾರದು. ಕೊನೆಗೆ, ಕೇಳಿದ್ದನ್ನು ತನ್ನ ಬಾಯಿಂದಲೇ ತಿರುಗಿ ಹೇಳಬೇಕು — ಸರಿಯಾಗಿ ಕೇಳಿಸಿದೆಯೋ ಇಲ್ಲವೋ ಅಂತ. ಹೊರಗೆ ಯಾರಿಗೂ ಹೇಳಬಾರದು. ಮನೆಯಲ್ಲಿ ಹೆಂಡತಿಗೂ.

ನನ್ನ ಕಿವಿ ನೆಟ್ಟಗಾಯಿತು.

"ಬಂದೋರನ್ನ ಬೇಡ ಅಂತ ವಾಪಸ್ ಕಳಿಸಬಹುದಾ ಮೇಡಂ?"

"ಖಂಡಿತ ಇಲ್ಲ."

"ಮೇಲಿನವರೂ ಕಿವಿ ಆಗಬಹುದಾ?"

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಆಗಬಹುದು. ಆದ್ರೆ ತಂಡದವರು ನಂಬೋರಾಗಿದ್ರೆ ಒಳ್ಳೇದು."

ತಲೆ ತಗ್ಗಿಸಿ ಏನೋ ಬರೆದುಕೊಂಡ ಹಾಗೆ ಮಾಡಿದೆ. ಹಾಲು ಕುಡಿದಷ್ಟು ಸಂತೋಷ.

ಮನೆಗೆ ಬಂದು ಅತ್ತೆಗೆ ಹೇಳಿದೆ, ಬಿಲ್ಲೆಯನ್ನೇ ಆ ಕಿವಿ ಮಾಡುತ್ತೇನೆ ಅಂತ. ನಮ್ಮ ಯಜಮಾನರು ಅಡುಗೆಮನೆಯಿಂದಲೇ ಕೂಗಿದರು, "ಬಿಟ್ಟಾಕೇ. ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತಾ?"

ದೇವಲೋಕದಲ್ಲಿ ನಾಯಿ ಹಾಜರಿ ಕರೆಯುವುದಿಲ್ಲ, ಅಂದೆ.

ಅತ್ತೆ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಅವನನ್ನ ಒಪ್ಪಿಸೋದು ಹೇಗೆ ಅನ್ನೋದೇ ತಾನೇ? ಹೊಗಳಮ್ಮಾ. ಹೊಗಳಿಕೆಗೆ ಬೀಳದ ಗಂಡಸನ್ನ ನಾನು ಕಂಡಿಲ್ಲ. ನಿಮ್ಮ ಮಾವನೂ ಸೇರಿ."

ಮಾರ್ಚ್ 15, ಶುಕ್ರವಾರ

ಹೊಗಳಿದೆ. ಹೊಗಳಿ ಹೊಗಳಿ ಹೊನ್ನಶೂಲಕ್ಕೇರಿಸಿದೆ.

"ಸಾರ್, ವೀಡಿಯೊ ಎಲ್ಲಾ ತಂಡಗಳೂ ತಗೋತಿವೆ. ಅದರಲ್ಲೇನು ಹೆಚ್ಚುಗಾರಿಕೆ? ಮೊದಲ ಕಿವಿ ಅಂದ್ರೆ ಇಡೀ ನಿಲ್ದಾಣಕ್ಕೇ ನೀವೊಬ್ಬರೇ ಆಗ್ತೀರಿ."

"ನಾನಾ? ನನಗೆಲ್ಲಮ್ಮಾ ಟೈಮು."

"ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಸಾರ್, ಅಷ್ಟು ತಾಳ್ಮೆ ಇರೋರು?" ಈ ಮಾತು ಆಡುವಾಗ ನಾಲಿಗೆ ಸುಟ್ಟು ಹೋಗಲಿಲ್ಲ, ಅದೇ ಆಶ್ಚರ್ಯ. "ಗೋಡೆ ಮೇಲೆ ಫೋಟೊ ಹಾಕ್ತಾರಂತೆ. ಒಂದು ಬ್ಯಾಡ್ಜೂ ಇದೆಯಂತೆ. ಹಸಿರು ಬಣ್ಣದ್ದು."

ಕೈ ತಾನಾಗಿಯೇ ಕೋಟಿನ ಮೇಲೆ ಹೋಯಿತು. ಖಾಲಿ ಜಾಗ ಹುಡುಕಿತು.

"ಕಿವಿ ಆಕಾರದಲ್ಲಿರುತ್ತಾ?"

ಬಿದ್ದ.

ಮಾರ್ಚ್ 26, ಮಂಗಳವಾರ

ಬಿಲ್ಲೆ ತರಬೇತಿಗೆ ಹೋಗಿದ್ದಾನೆ. ಒಂದು ವಾರ ಬರುವುದಿಲ್ಲ. ಹಾಜರಿ ಕರೆದವಳು ಚಿಟ್ಟೆ. ಹೆಸರು ಓದಿದಳು, ಮುಂದಕ್ಕೆ ಹೋದಳು, ಅಷ್ಟೇ. ಕೌಂಟರಿನಲ್ಲಿ ಭುಜ ಹಗುರ ಅನ್ನಿಸಿತು.

ಊಟದ ಹೊತ್ತಿಗೆ ಚಿಟ್ಟೆ ಡಬ್ಬಿ ತೆರೆಯದೆ ಕೂತಿದ್ದಳು. "ಕಿವಿ ಆಗೋಕೆ ನನ್ನ ಹೆಸರು ಕೊಡ್ತೀಯ ಅಂದ್ಕೊಂಡಿದ್ದೆ ಕಣೇ."

ನಿಜವೇ. ಯಾರಿಗೆ ಅಳು ಬಂದರೂ ಬಾತ್‌ರೂಮಿಗೆ ಅವಳನ್ನೇ ಎಳೆದುಕೊಂಡು ಹೋಗುವುದು. ಅವಳೇ ಸರಿಯಾದವಳು. ಗೊತ್ತಿತ್ತು ನನಗೆ. ಆರಿಸುವಾಗಲೂ ಗೊತ್ತಿತ್ತು.

"ಅವತ್ತು ನಕ್ಕೆ ಅಂತ ತಾನೇ?" ಅಂದಳು. "ನಗದಿದ್ರೆ ನಾಳೆ ನನ್ನ ಪಾತ್ರ ಮಾಡ್ತಾನೆ ಅನ್ನೋ ಭಯ ಕಣೇ. ನಂಗೂ ನಿದ್ದೆ ಬಂದು ತಿಂಗಳುಗಳಾಯ್ತು. ಯಾರಿಗೆ ಹೇಳ್ಲಿ?"

"ಸಿಟ್ಟೇನೂ ಇಲ್ಲ ಬಿಡು," ಅಂದೆ. ಇತ್ತು. ಈಗಲೂ ಇದೆ. ಆದರೆ ಇಡೀ ಮಧ್ಯಾಹ್ನ ತಲೆಯಲ್ಲಿ ಒಂದೇ ಪ್ರಶ್ನೆ. ಒಬ್ಬನ ಮೇಲಿನ ಹಟಕ್ಕೆ ಎಲ್ಲರಿಗೂ ಸಿಗಬೇಕಾದ ಕಿವಿಗೆ ಕಲ್ಲು ತುಂಬಿದೆನಾ?

ತುಂಬಿದರೆ ತುಂಬಿದೆ. ಹಿಂದೆ ಹೋಗುವ ಹಾಗಿಲ್ಲ.

ಏಪ್ರಿಲ್ 12, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಹೊಟ್ಟೆ ಉರಿಯುತ್ತಿತ್ತು.

ಹಸಿರು ಬ್ಯಾಡ್ಜ್ ಬಂತು. ಗೋಡೆಯ ಮೇಲೆ ಫೋಟೊ ಬಂತು. ಮುಖ್ಯ ಕಚೇರಿಯಿಂದ ಹೊಗಳಿಕೆ ಬಂತು — 'ಸೂಕ್ಷ್ಮ ಮನಸ್ಸಿನ ಅಧಿಕಾರಿ'ಯಂತೆ. ಸೂಕ್ಷ್ಮ! ಕೋತಿಗೆ ನಾನೇ ಕಿರೀಟ ಇಟ್ಟೆನಲ್ಲಪ್ಪಾ. ಯಾರೂ ವಾರಸುದಾರರಿಲ್ಲದ ಬ್ಯಾಗ್ ಇಡುವ ಕೋಣೆಯಲ್ಲಿ ಒಂದು ಮೂಲೆ ಖಾಲಿ ಮಾಡಿಸಿ, ಎರಡು ಕುರ್ಚಿ ಹಾಕಿ, ಬಾಗಿಲಿಗೆ ಬೋರ್ಡ್ ತೂಗಿಸಿದ್ದಾನೆ. ಇವತ್ತಿನವರೆಗೂ ಒಬ್ಬರೂ ಒಳಗೆ ಕಾಲಿಟ್ಟಿಲ್ಲ. ಹುಲಿಯ ಬಾಯಿಗೆ ಯಾರು ಕೈ ಹಾಕುತ್ತಾರೆ?

ಬೆಳಿಗ್ಗೆ ಹಾಜರಿಯಲ್ಲಿ ಎದೆ ಉಬ್ಬಿಸಿ ಹೇಳಿದ. "ನೋಡಿ, ನಮ್ಮ ತಂಡದಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ!" ಆಮೇಲೆ, ಅದೇ ಉಸಿರಿನಲ್ಲಿ, "ಏನಮ್ಮಾ, ಉಸಿರಾಡ್ತಿದ್ದೀಯಾ?"

ಒಂದು ವಾರದ ತರಬೇತಿ ನೀರಿನಲ್ಲಿ ಹೋಮ.

ಎದ್ದು ನಿಂತೆ. "ಸೋಮವಾರ ಮೂರು ಗಂಟೆಗೆ ಕಿವಿ ಕೋಣೆಗೆ ಬರ್ತೀನಿ ಸಾರ್."

ಅವನ ಬಾಯಿ ಅರ್ಧ ತೆರೆದೇ ಇತ್ತು. ಬೇಡ ಅನ್ನುವ ಹಾಗಿಲ್ಲ. ಬ್ಯಾಡ್ಜ್ ಹಾಕಿಕೊಂಡಿದ್ದಾನೆ.

ಏಪ್ರಿಲ್ 15, ಸೋಮವಾರ

ಮನೆಗೆ ಹೋಗುವ ಬಸ್ಸಿನಲ್ಲೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಇರಲಿ.

ಬಾಗಿಲು ತಟ್ಟಿದೆ. ಒಳಗೆ ರಬ್ಬರು, ಒದ್ದೆ ಬಟ್ಟೆಯ ವಾಸನೆ. ಗೋಡೆ ತುಂಬ ಯಾರೂ ಕೇಳಲು ಬಾರದ ಪೆಟ್ಟಿಗೆಗಳು. ಕಲಿಸಿದ ಮಾತು ಹೇಳಿದ. "ಹೇಳಿ. ನಾನು ಇಲ್ಲೇ ಇದ್ದೀನಿ." ಮೊದಲ ಸಲ ನನಗೆ ಬಹುವಚನ.

ಹೇಳಿದೆ. ಔಷಧಿಯ ಸೂಟ್‌ಕೇಸ್‌ನಿಂದ ಶುರು ಮಾಡಿದೆ. ಎದೆ ಬಿಗಿದದ್ದು. ಸಾಯುವಾಗ ಮಗಳ ಮುಖ ನೆನಪಾಗಲಿಲ್ಲವಲ್ಲ, ಟ್ಯಾಗ್ ಅಂಟಿಸುವ ಮೆಷಿನ್ ಕಂಡಿತಲ್ಲ ಅಂತ ಇವತ್ತಿಗೂ ನಾಚಿಕೆಯಾಗುವುದು. ಕೇಕು. ಮೀನಿನ ಬಾಯಿ. ದಿನಾ ಬೆಳಿಗ್ಗೆ ಹಾಜರಿಗೆ ಮುಂಚೆ ಬಾತ್‌ರೂಮಿನಲ್ಲಿ ನಿಂತು ನಗು ಅಭ್ಯಾಸ ಮಾಡುವುದು. ಅವನ ಕೈ ಫೋನಿನ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ಬಾಯಿ ತೆರೆದ, ಮುಚ್ಚಿದ. ನಾನು ಅಳುತ್ತೇನೆ ಅಂದುಕೊಂಡಿದ್ದೆ. ಅಳಲಿಲ್ಲ. ಅವನ ಮುಖವನ್ನೇ ನೋಡುತ್ತ ಹೇಳಿದೆ.

"ಮುಗೀತು ಸಾರ್. ಈಗ ನೀವು ಕೇಳಿದ್ದನ್ನ ತಿರುಗಿ ಹೇಳ್ಬೇಕು."

ಗಂಟಲು ಸರಿ ಮಾಡಿಕೊಂಡ. "ನಿಮಗೆ... ಕೌಂಟರ್ ಹತ್ರ ಉಸಿರು ಕಟ್ಟಿತು. ಆಮೇಲೆ ಪಾರ್ಟಿಲಿ... ಒಬ್ಬರು ನಿಮ್ಮ ಥರ ಮಾಡಿ ತೋರಿಸಿದ್ರು."

"ಯಾರು ಸಾರ್?"

ಹೊರಗೆ ಬ್ಯಾಗಿನ ಬೆಲ್ಟ್ ಓಡುವ ಸದ್ದು. ನಾನು ಕಾದೆ. ಕಾಯುವುದಕ್ಕೆ ನನಗೆ ಡಿಸೆಂಬರಿನಿಂದ ಅಭ್ಯಾಸ.

"ನಾನು," ಅಂದ.

"ಸರಿಯಾಗಿ ಕೇಳಿಸಿದೆ ಸಾರ್."

ಕ್ಷಮೆ ಕೇಳಲಿಲ್ಲ. ಬೇಕಾಗಿಯೂ ಇರಲಿಲ್ಲ. ಅವನ ಬಾಯಿಂದಲೇ ಆ ಒಂದು ಮಾತು ಬಂತು. ಮನೆಯಲ್ಲಿ ಹೆಂಡತಿಗೂ ಹೇಳುವ ಹಾಗಿಲ್ಲ, ಒಬ್ಬನೇ ನುಂಗಿಕೊಂಡು ಮಲಗಬೇಕು. ಮಲಗಲಿ. ಅದು ಹೇಗಿರುತ್ತದೆ ಅಂತ ತಿಳಿಯಲಿ.

ಬಾಗಿಲು ತೆರೆದರೆ ಹೊರಗೆ ಚಿಟ್ಟೆ ನಿಂತಿದ್ದಾಳೆ. ಅವಳ ಹಿಂದೆ ಟ್ರಾಲಿ ಮಾಮ, ಟೋಪಿ ಕೈಯಲ್ಲಿ ಹಿಡಿದುಕೊಂಡು. ಅವರ ಹಿಂದೆ ರಾತ್ರಿ ಪಾಳಿಯವರು ಕೂಡ.

"ಮುಗೀತಾ?" ಅಂದಳು ಚಿಟ್ಟೆ. "ಮೂರೂವರೆ ನಂದು."

ಒಳಗಿನಿಂದ ಕುರ್ಚಿ ಕಿರುಗುಟ್ಟಿತು.

ಏಪ್ರಿಲ್ 16, ಮಂಗಳವಾರ. ಪಾಳಿಯ ನಡುವೆ, ಅವಸರದಲ್ಲಿ

ಬೆಳಿಗ್ಗೆ ಹಾಜರಿ. ಬಿಲ್ಲೆಯ ಕಣ್ಣು ಕೆಂಪು. ಕೋಟಿನ ಮೇಲೆ ಹಸಿರು ಬ್ಯಾಡ್ಜ್ ಇಲ್ಲ, ಹಳೆಯ ಮೂರೂ ಇಲ್ಲ. ಒಬ್ಬೊಬ್ಬರದೇ ಹೆಸರು ಓದುತ್ತ ನನ್ನ ಹೆಸರಿಗೆ ಬಂದು ನಿಂತ. ತಲೆ ಎತ್ತಿದ. ಬಾಯಿ ತೆರೆದ.

ನಾನೇ ಹೇಳಿದೆ.

"ಉಸಿರಾಡ್ತಿದ್ದೀನಿ ಸಾರ್. ನೀವು?"

ಯಾರೂ ನಗಲಿಲ್ಲ. ಅವನು ತಲೆ ತಗ್ಗಿಸಿ, ನನ್ನ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನ ಹೆಸರು ಓದಿದ.