ಹಳ್ಳದ ದಂಡಿ ಕೊತ್ತಂಬರಿ

ಎಪ್ರಿಲ್ 2, ಬುಧವಾರ
ಬಸ್ ಮತ್ತ ತಪ್ಪಿತು. ತಾಸಿಗೊಂದು ಬಸ್, ಅದಕ್ಕೂ ಸೊಕ್ಕು. ಹೇಳಲಿಕ್ಕೆ ಲಂಡನ್... ಹನ್ನೊಂದು ಮನಿ, ಒಂದು ಚರ್ಚು, ಸುತ್ತ ಕುದುರಿ ಮೇಯೋ ಹೊಲ. ನಮ್ಮ ಮಂದಿ ಅಂಗಡಿ ಇರೋ ಕೆಂಟನ್ ಪ್ಯಾಟಿ ಫ್ಲ್ಯಾಟ್ ಬಿಟ್ಟು ಬಂದಿದ್ದು ಇವರ ಹಟಕ್ಕ — "ಶುದ್ಧ ಹವಾ, ಜಯಾ!" ಹವಾದಾಗ ಸಾರು ಮಾಡಲಿಕ್ಕ ಬರೂದಿಲ್ಲ.

ಧಾರವಾಡದಿಂದ ಅತ್ತಿಯವರು ಬಂದು ಹತ್ತು ದಿನ. "ಕೊತ್ತಂಬರಿ ಇಲ್ಲದ್ದು ಸಾರೇನ?" ದಿನಾ ಅದೇ ರಾಗ. ಇವತ್ತ ಒದರಿಬಿಟ್ಟೆ — "ಬೇಕಾದ್ರ ನೀವ ಹುಡುಕಿ ತರ್ರಿ!" ಎದ್ದು ಒಳಗ ಹೋದ್ರು. ಹಂಗ ಅನಬಾರದಿತ್ತು.

ಎಪ್ರಿಲ್ 5, ಶನಿವಾರ
ಪಕ್ಕದ ಮನಿ ಮಾರ್ಗರೆಟ್ ಅವರ ನಾಯಿ ಸತ್ತದ. ಹಳ್ಳದ ಹೂಳು ತಗದಿದ್ರು, ಅಲ್ಲೇ ಏನೋ ಕಡಕೊಂಡು ತಿಂತಂತ. ತಾಸಿನೊಳಗ ಸೆಟದು ಹೋತು. "ಡೆಡ್ ಮ್ಯಾನ್ಸ್ ಫಿಂಗರ್ಸ್" ಅಂತ ಅತ್ತಳು ಮುದುಕಿ. ಸತ್ತವರ ಬೆರಳು! ಇಲ್ಲಿಯವರಿಗೂ ದೆವ್ವದ ಹುಚ್ಚು. ಅತ್ತಿಯವರಿಗೆ ಹೇಳಲಿಲ್ಲ, ಅಂಜತಾರ.

ಎಪ್ರಿಲ್ 8, ಏಕಾದಶಿ
ಆಫೀಸಿಂದ ಬಂದ್ರ ಕಟ್ಟಿ ಮ್ಯಾಲೆ ತಂಬಿಗಿ ತುಂಬ ಹಸರು ಎಲಿ. ಅತ್ತಿಯವರ ಮುಖ ಅರಳಿತ್ತು. "ಹಳ್ಳದ ದಂಡಿಗೆ ರಾಶಿ ಬೆಳದದ! ನಿನಗ ತ್ರಾಸ ಬ್ಯಾಡಂತ ನಾನ ತಂದೆ. ನಾಳೆ ಪಾರಣಿ ಸಾರಿಗೆ."

ಎಲಿ ಸ್ವಲ್ಪ ದೊಡ್ಡವು. ವಾಸನಿ ಘಮ್ ಅಂತು, ಬ್ಯಾರೆ ಥರಾ. ಈ ದೇಶದ ಕೊತ್ತಂಬರಿ ಹಿಂಗ ಇರಬೇಕು. ಉಪವಾಸದ ಹೊಟ್ಟಿ ಚುರುಚುರು, ನೋಡಿಕೋತ ನಿಲ್ಲಲಿಲ್ಲ.

ಮಗಳು ತನ್ಮಯಿ ಮೂಗು ಮುರದಳು. ಹತ್ತು ವರ್ಷದ ಶಾಣ್ಯಾಕಿ. "ಅಜ್ಜಿ, ದಟ್ಸ್ ಎ ವೀಡ್!" ಕಸದ ಗಿಡ ಅಂದಿದ್ದು ತಿಳದು ಅತ್ತಿಯವರ ಮುಖ ಬಾಡಿತು. ನಂಗ ಸಿಟ್ಟು ಬಂತು. "ಅಜ್ಜಿ ಪ್ರೀತಿಲೆ ತಂದಾರ. ನಾಳೆ ಸಾರು ಒಂದು ಹನಿ ಬಿಡದ ಕುಡೀಬೇಕು, ತಿಳೀತಿಲ್ಲೊ?"

ಎಪ್ರಿಲ್ 9, ದ್ವಾದಶಿ, ಬೆಳಿಗ್ಗೆ 8.40
ಕ್ಯಾಬಿನಾಗ. ವಾಪಸ್ ಮನಿಗೆ.

ಮೀಟಿಂಗ್ ಅಂತ ತೀರ್ಥ ಅಷ್ಟ ತಗೊಂಡು ಏಳಕ್ಕ ಹೊಂಟಿದ್ದೆ. ಸಾರು ಕುದೀತಿತ್ತು. ನನಗ ಡಬ್ಬಿ ಕಟ್ಟಿಕೊಟ್ರು. ಟ್ಯೂಬ್ ರೈಲಿಂದ ಇಳದು ಫೋನ್ ನೋಡಿದೆ — ಇಲ್ಲಿ ಹಳ್ಳಿಯವರ ವಾಟ್ಸ್ಯಾಪ್ ಗ್ರೂಪಿನಾಗ ಮಾರ್ಗರೆಟ್ ಫೋಟೋ ಹಾಕ್ಯಾರ. ನಾಯಿ ತಿಂದ ಗಿಡ. ಕೆಳಗ ಬಿಳಿ ಬೇರು, ಬೆರಳಿನಂಥಾವು. ಅದರ ಹೆಸರ ಡೆಡ್ ಮ್ಯಾನ್ಸ್ ಫಿಂಗರ್ಸ್. ಮ್ಯಾಲೆ ಎಲಿ... ತಂಬಿಗ್ಯಾಗಿನ ಎಲಿ.

ಅತ್ತಿಯವರು ಫೋನ್ ಎತ್ತವಲ್ರು. ಇವರು ಆಪರೇಷನ್ ಮಾಡಲಿಕತ್ತಾರ, ಫೋನ್ ಥಿಯೇಟರಿನ ಹೊರಗ. ಆಂಬ್ಯುಲೆನ್ಸ್ ಹೊಂಟದಂತ. ಮಾರ್ಗರೆಟ್ ಬಾಗಲಾ ಬಡೀಲಿಕತ್ತಾರ. ಕೈ ಸುಮ್ಮನ ಇರವಲ್ದು, ಅದಕ್ಕ ಬರೀಲಿಕತ್ತೀನಿ. ಡಬ್ಬಿ ಇನ್ನೂ ಬೆಚ್ಚಗದ. ತನ್ಮಯಿ ಹಟಮಾರಿ, ಸಾರು ಮುಟ್ಟಿರೂದಿಲ್ಲ. ರಾಯರ, ಇವತ್ತೊಂದು ದಿನ ಅಕಿ ನನ್ನ ಮಾತು ಕೇಳದಂಗ ಮಾಡ್ರಿ.

8.52
ತನ್ಮಯಿ ಮೆಸೇಜು. "ಅಮ್ಮಾ ಅಜ್ಜಿ ಈಸ್ ಶೇಕಿಂಗ್. ಐ ಡ್ರ್ಯಾಂಕ್ ಆಲ್ ಆಫ್ ಇಟ್, ಲೈಕ್ ಯು ಸೆಡ್."

ಒಂದು ಹನಿ ಬಿಡದ ಕುಡಿ ಅಂತ ನಾನ ಅಂದಿದ್ದೆ. ನಾನ